ಇಪ್ಪತ್ತಮೂರರ ಪಟ್ಟಿ: ಸ್ಯಾನ್ ಹೋಸೆಯ ಐಸ್ ಹಾಕಿ ತಂಡ ತನ್ನ ಹುಡುಗರನ್ನು ಆರಿಸುವ ಬಗೆ

ಪ್ರತಿ ವರ್ಷ ಸೆಪ್ಟೆಂಬರ್ ಮಧ್ಯಭಾಗದಿಂದ ಅಕ್ಟೋಬರ್ ಮೊದಲ ವಾರದವರೆಗೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದಲ್ಲಿ ಒಂದು ಪಟ್ಟಿ ದಿನೇ ದಿನೇ ಕುಗ್ಗುತ್ತಾ ಹೋಗುತ್ತದೆ. ಸ್ಯಾನ್ ಹೋಸೆ ಶಾರ್ಕ್ಸ್ ಎಂಬ ಐಸ್ ಹಾಕಿ ತಂಡ ಸುಮಾರು 60 ಮಂದಿಯನ್ನು ತರಬೇತಿ ಶಿಬಿರಕ್ಕೆ ಕರೆಯುತ್ತದೆ. ಮೂರು ವಾರ ಕಳೆಯುವಷ್ಟರಲ್ಲಿ ಅದರಲ್ಲಿ 23 ಹೆಸರುಗಳು ಮಾತ್ರ ಉಳಿಯುತ್ತವೆ. ಸನ್ನಿವೇಲ್, ಕುಪರ್ಟಿನೊ, ಫ್ರೀಮಾಂಟ್‌ಗಳಲ್ಲಿ ನೆಲೆಸಿರುವ ಕನ್ನಡದ ಮನೆಗಳಲ್ಲೂ ಈಗ ಈ ತಂಡದ ಹಸಿರುನೀಲಿ ಜೆರ್ಸಿ ಕಾಣಸಿಗುತ್ತದೆ, ಮಕ್ಕಳು ಸ್ಕೇಟಿಂಗ್ ತರಗತಿಗೆ ಹೋಗುತ್ತಾರೆ, ಅಪ್ಪ ಅಮ್ಮ ಗಾಜಿನಾಚೆ ಕೂತು ಆಟದ ನಿಯಮಗಳನ್ನು ನಿಧಾನವಾಗಿ ಕಲಿಯುತ್ತಿದ್ದಾರೆ. ಗೆಳೆಯರ ಮನೆಯ ಹನ್ನೆರಡು ವರ್ಷದ ಹುಡುಗಿಯೊಬ್ಬಳು ನನ್ನನ್ನು ಕೇಳಿದಳು: "ಮಾಮ, ಅವನು ಅಷ್ಟು ಚೆನ್ನಾಗಿ ಆಡಿದ, ಗೋಲೂ ಹೊಡೆದ. ಆದರೂ ಅವನನ್ನೇ ಯಾಕೆ ಕೆಳಗಿನ ತಂಡಕ್ಕೆ ಕಳಿಸಿದರು?"

ಆಕೆಗೆ ಆ ಹೊತ್ತಿನಲ್ಲಿ ನಾನು ಕೊಟ್ಟ ಉತ್ತರ ಪೂರ್ತಿಯಾಗಿರಲಿಲ್ಲ. ಆ ಪಟ್ಟಿ ಬರೀ ಆಟದ ಅಂಕಪಟ್ಟಿಯಲ್ಲ. ಯಾರು ಚೆನ್ನಾಗಿ ಆಡುತ್ತಾರೆ ಎಂಬುದರ ಜೊತೆಗೆ ಯಾರನ್ನು ಎಲ್ಲಿಗೆ ಕಳಿಸಲು ನಿಯಮ ಬಿಡುತ್ತದೆ, ಯಾರನ್ನು ಕಳಿಸಿದರೆ ಬೇರೆ ತಂಡದ ಪಾಲಾಗಿಬಿಡುತ್ತಾರೆ, ಯಾರ ಒಪ್ಪಂದದ ಲೆಕ್ಕ ಯಾವ ದಿನ ಶುರುವಾಗುತ್ತದೆ ಎಂಬ ಮೂರು ಪ್ರಶ್ನೆಗಳು ಅದರ ಹಿಂದಿವೆ. 2025ರ ಶಿಬಿರದಲ್ಲಿ ಈ ಮೂರೂ ಒಟ್ಟಿಗೆ ಎದುರಾಗಿದ್ದರಿಂದ ಅದನ್ನೇ ಮುಂದಿಟ್ಟುಕೊಂಡು ವಿವರಿಸುವುದು ಸುಲಭ.

ಮೊದಲು ಆಟದ ಲೆಕ್ಕ

ಹಾಕಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕೊಡಗಿನ ಕುಟುಂಬಗಳು ವರ್ಷ ವರ್ಷ ನಡೆಸುವ ಪಂದ್ಯಾವಳಿಯ ಮೈದಾನ. ಇಲ್ಲಿನದು ಬೇರೆ ಆಟ. ಸುಮಾರು 61 ಮೀಟರ್ ಉದ್ದ, 26 ಮೀಟರ್ ಅಗಲದ ಹಿಮದ ಅಂಗಳದಲ್ಲಿ, ಕಾಲಿಗೆ ಸ್ಕೇಟ್ಸ್ ಕಟ್ಟಿಕೊಂಡು, ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರ್ ಬಿಲ್ಲೆಯನ್ನು ಕೋಲಿನಿಂದ ಅಟ್ಟುತ್ತಾ ಆಡುವುದು. ಒಂದು ತಂಡದಿಂದ ಒಂದು ಹೊತ್ತಿಗೆ ಅಂಗಳದಲ್ಲಿರುವವರು ಆರು ಮಂದಿ: ಮೂವರು ಫಾರ್ವರ್ಡ್‌ಗಳು, ಇಬ್ಬರು ಡಿಫೆನ್ಸ್ ಆಟಗಾರರು, ಗೋಲು ಕಾಯುವ ಒಬ್ಬ ಗೋಲಿ. ವೇಗ ಎಷ್ಟಿರುತ್ತದೆಂದರೆ ಯಾರೂ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಪೂರ್ಣ ಶಕ್ತಿಯಿಂದ ಆಡಲಾರರು. ಆದ್ದರಿಂದ ಮುಕ್ಕಾಲು ನಿಮಿಷಕ್ಕೊಮ್ಮೆ ಹಿಂದಿನವರು ಬೆಂಚಿಗೆ ಬಂದು ಮುಂದಿನವರು ಇಳಿಯುತ್ತಾರೆ. ಹೀಗೆ ಸರದಿಯ ಮೇಲೆ ಆಡಲು ಪಂದ್ಯವೊಂದಕ್ಕೆ 18 ಆಟಗಾರರು, ಇಬ್ಬರು ಗೋಲಿಗಳು ಸಜ್ಜಾಗಿರುತ್ತಾರೆ. ಸಾಮಾನ್ಯವಾಗಿ 12 ಫಾರ್ವರ್ಡ್‌ಗಳು ಮೂವರಂತೆ ನಾಲ್ಕು ಸಾಲುಗಳಾಗಿಯೂ, ಆರು ಡಿಫೆನ್ಸ್ ಆಟಗಾರರು ಮೂರು ಜೋಡಿಗಳಾಗಿಯೂ ಇಳಿಯುತ್ತಾರೆ.

ಅಮೆರಿಕ ಮತ್ತು ಕೆನಡಾದ 32 ತಂಡಗಳಿರುವ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್, ಋತು ಆರಂಭವಾದಾಗ ಪ್ರತಿ ತಂಡವೂ ಹೆಚ್ಚೆಂದರೆ 23 ಮಂದಿಯನ್ನು ಇಟ್ಟುಕೊಳ್ಳಬಹುದು ಎಂದು ಹೇಳುತ್ತದೆ. ಪಂದ್ಯಕ್ಕೆ ಬೇಕಾದವರು 20, ಕೈಮೀಸಲು ಮೂವರು. ಪಂದ್ಯದ ರಾತ್ರಿ ಈ ಮೂವರು ಸೂಟು ತೊಟ್ಟು, ಮೇಲಿನ ಅಂತಸ್ತಿನಲ್ಲಿ ಪತ್ರಕರ್ತರ ಸಾಲಿನ ಬಳಿ ಕೂತು ಆಟ ನೋಡುತ್ತಾರೆ. ಪಂಕ್ತಿಯಲ್ಲಿ ಹಾಕಿದ ಎಲೆಗಳೇ 23. ಮನೆಗೆ ಬಂದವರು 60 ಮಂದಿ.

ಒಂದು ಸೂಕ್ಷ್ಮವನ್ನು ಇಲ್ಲಿಯೇ ಹೇಳಬೇಕು. ಮೊದಲೆರಡು ಸಾಲಿನ ಫಾರ್ವರ್ಡ್‌ಗಳ ಕೆಲಸ ಗೋಲು ಗಳಿಸುವುದು. ನಾಲ್ಕನೆಯ ಸಾಲಿನವರ ಕೆಲಸ ಎದುರಾಳಿಯನ್ನು ತಡೆಯುವುದು, ಮೈಕೊಟ್ಟು ಆಡುವುದು, ತಂಡದವರೊಬ್ಬರು ಶಿಕ್ಷೆಯಾಗಿ ಎರಡು ನಿಮಿಷ ಹೊರಗೆ ಕೂತಾಗ ಕಡಿಮೆ ಜನರಲ್ಲೇ ಗೋಲನ್ನು ಕಾಯುವುದು. ಗೋಲು ಗಳಿಸುವುದರಲ್ಲಿ ಪಳಗಿದ ಹದಿಹರೆಯದ ಹುಡುಗನಿಗೆ ಮೊದಲೆರಡು ಸಾಲಿನಲ್ಲಿ ಜಾಗವಿಲ್ಲವೆಂದರೆ ಅವನನ್ನು ನಾಲ್ಕನೆಯ ಸಾಲಿನಲ್ಲಿ ಕೂರಿಸಿ ರಾತ್ರಿಗೆ ಏಳೆಂಟು ನಿಮಿಷ ಆಡಿಸುವುದರಿಂದ ತಂಡಕ್ಕೂ ಲಾಭವಿಲ್ಲ, ಅವನ ಕಲಿಕೆಯೂ ನಿಲ್ಲುತ್ತದೆ. ಚೆನ್ನಾಗಿ ಆಡಿದವನು ಕೆಳಗೆ ಹೋಗುವುದಕ್ಕೆ ಇರುವ ಮೊದಲ ಕಾರಣ ಇದು. ಆ ಹುಡುಗಿಯ ಪ್ರಶ್ನೆಗೆ ಅರ್ಧ ಉತ್ತರವೂ ಇದೇ.

ಹುಡುಗರು ತಂಡಕ್ಕೆ ಬರುವ ದಾರಿ

ಎನ್‌ಎಚ್‌ಎಲ್ ತಂಡಗಳು ಹೊಸ ಆಟಗಾರರನ್ನು ಹರಾಜಿನಲ್ಲಿ ಕೊಳ್ಳುವುದಿಲ್ಲ, ಡ್ರಾಫ್ಟ್ ಎಂಬ ಸರದಿ ಆಯ್ಕೆಯಲ್ಲಿ ಆರಿಸುತ್ತವೆ. ಪ್ರತಿ ಬೇಸಿಗೆಯಲ್ಲೂ ಏಳು ಸುತ್ತುಗಳಲ್ಲಿ ಇದು ನಡೆಯುತ್ತದೆ. ಆಯ್ಕೆಯಾಗುವವರಲ್ಲಿ ಹೆಚ್ಚಿನವರಿಗೆ 18ರ ಆಸುಪಾಸಿನ ವಯಸ್ಸು. ನಮ್ಮ ಸಿಇಟಿ ಕೌನ್ಸೆಲಿಂಗ್‌ನಲ್ಲಿ ಮೊದಲ ರ‍್ಯಾಂಕಿನವರು ಮೊದಲು ಸೀಟು ಆರಿಸಿಕೊಳ್ಳುತ್ತಾರೆ. ಇಲ್ಲಿ ಅದು ತಿರುವುಮುರುವು. ಹಿಂದಿನ ವರ್ಷ ಸೋತು ಕೆಳಗುಳಿದ ತಂಡಗಳಿಗೆ ಮೊದಲ ಸರದಿ ಸಿಗುವ ಸಾಧ್ಯತೆ ಹೆಚ್ಚು. ಮೊದಲ ಸರದಿ ಖಚಿತವಾಗಿ ಬೇಕೆಂದು ಯಾರೂ ಬೇಕಂತಲೇ ಸೋಲದಿರಲಿ ಎಂದು ಅಗ್ರ ಸ್ಥಾನಗಳಿಗೆ ಲಾಟರಿಯನ್ನೂ ಎತ್ತುತ್ತಾರೆ.

ಶಾರ್ಕ್ಸ್ ತಂಡ 1991ರಲ್ಲಿ ಹುಟ್ಟಿತು, 2016ರಲ್ಲಿ ಲೀಗ್‌ನ ಅಗ್ರ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಫೈನಲ್‌ವರೆಗೂ ಹೋಗಿ ಪಿಟ್ಸ್‌ಬರ್ಗ್ ಎದುರು ಸೋತಿತು. ನಂತರ ಆ ತಂಡದ ಹಿರಿಯರಿಗೆ ವಯಸ್ಸಾಗುತ್ತಾ ಬಂದಂತೆ ಇಳಿಜಾರು ಶುರುವಾಯಿತು. 2022ರಲ್ಲಿ ಜನರಲ್ ಮ್ಯಾನೇಜರ್ ಆಗಿ ಬಂದ ಮೈಕ್ ಗ್ರಿಯರ್ ಹಳೆಯ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಬಿಟ್ಟುಕೊಟ್ಟು, ಬದಲಿಗೆ ಡ್ರಾಫ್ಟ್ ಸರದಿಗಳನ್ನೂ ಎಳೆಯರನ್ನೂ ಕೂಡಿಹಾಕುತ್ತಾ ಹೋದರು. 2023-24ರಲ್ಲಿ ತಂಡ 82 ಪಂದ್ಯಗಳಲ್ಲಿ 19 ಮಾತ್ರ ಗೆದ್ದಿತು, ಮರುವರ್ಷ 20. ಎರಡೂ ವರ್ಷ ಲೀಗ್‌ನಲ್ಲಿ ಕಟ್ಟಕಡೆಯ ಸ್ಥಾನ. ಈ ಅವಧಿಯ ಡ್ರಾಫ್ಟ್‌ಗಳಲ್ಲಿ ಬಂದವರ ಸಾಲು ನೋಡಿ: 2023ರಲ್ಲಿ ನಾಲ್ಕನೆಯ ಆಯ್ಕೆಯಾಗಿ ವಿಲ್ ಸ್ಮಿತ್, 2024ರಲ್ಲಿ ಮೊದಲ ಆಯ್ಕೆಯಾಗಿ ಮ್ಯಾಕ್ಲಿನ್ ಸೆಲೆಬ್ರಿನಿ, ಹನ್ನೊಂದನೆಯ ಆಯ್ಕೆಯಾಗಿ ಸ್ಯಾಮ್ ಡಿಕಿನ್ಸನ್, ಮೂವತ್ತಮೂರನೆಯ ಆಯ್ಕೆಯಾಗಿ ಇಗೊರ್ ಚೆರ್ನಿಶೊವ್, 2025ರಲ್ಲಿ ಎರಡನೆಯ ಆಯ್ಕೆಯಾಗಿ ಮೈಕಲ್ ಮೀಸಾ, ಮೂವತ್ತನೆಯ ಆಯ್ಕೆಯಾಗಿ ಗೋಲಿ ಜೋಶುವಾ ರೇವನ್ಸ್‌ಬರ್ಗನ್.

ಡ್ರಾಫ್ಟ್‌ನಲ್ಲಿ ಹೆಸರು ಕೂಗಿದ ಮಾತ್ರಕ್ಕೆ ಹುಡುಗ ಆ ರಾತ್ರಿಯಿಂದಲೇ ತಂಡದ ಆಟಗಾರನಾಗುವುದಿಲ್ಲ. ತಂಡಕ್ಕೆ ಸಿಗುವುದು ಅವನೊಂದಿಗೆ ಒಪ್ಪಂದ ಮಾಡಿಕೊಳ್ಳುವ ಹಕ್ಕು. ಹೀಗೆ ಹಕ್ಕಿನಲ್ಲಿದ್ದು ಇನ್ನೂ ಪಕ್ವವಾಗದ ಎಳೆಯರನ್ನು ಪ್ರಾಸ್ಪೆಕ್ಟ್ ಎನ್ನುತ್ತಾರೆ. ದಕ್ಷಿಣ ಕನ್ನಡದ ಯಕ್ಷಗಾನ ಮೇಳಗಳಲ್ಲಿ ಹುಡುಗರು ಪೂರ್ವರಂಗದ ಕೋಡಂಗಿ, ಬಾಲಗೋಪಾಲ ವೇಷಗಳಿಂದ ಹೆಜ್ಜೆ ಪಳಗಿಸಿಕೊಂಡು ವರ್ಷಗಳ ನಂತರ ಮುಖ್ಯ ವೇಷಕ್ಕೆ ಏರುತ್ತಿದ್ದುದನ್ನು ನೆನಪಿಸಿಕೊಂಡರೆ ಪ್ರಾಸ್ಪೆಕ್ಟ್ ಎಂಬ ಮಾತಿನ ಅರ್ಥ ತಾನಾಗಿ ತಿಳಿಯುತ್ತದೆ. ಮೇಳದಲ್ಲಿ ಇದ್ದಾನೆ, ಬಣ್ಣವೂ ಹಚ್ಚಿದ್ದಾನೆ, ಆದರೆ ನಡುರಾತ್ರಿಯ ರಂಗ ಇನ್ನೂ ಅವನದಲ್ಲ.

ಶಿಬಿರದ ಮೂರು ವಾರ

ಶಿಬಿರಕ್ಕೆ ಮೊದಲು ಎಳೆಯರದೇ ಒಂದು ಸಣ್ಣ ಪಂದ್ಯಾವಳಿ ನಡೆಯುತ್ತದೆ, ಪಶ್ಚಿಮದ ತಂಡಗಳ ಪ್ರಾಸ್ಪೆಕ್ಟ್‌ಗಳು ಅಲ್ಲಿ ಪರಸ್ಪರ ಆಡುತ್ತಾರೆ. ಬಳಿಕ ಹಿರಿಯರೂ ಸೇರಿಕೊಂಡು ಎಲ್ಲರನ್ನೂ ಎರಡು ಮೂರು ಗುಂಪುಗಳಾಗಿ ವಿಂಗಡಿಸಲಾಗುತ್ತದೆ. ಬೆಳಗಿನ ಅಭ್ಯಾಸದಲ್ಲಿ ಎದ್ದು ಕಾಣುವುದು ಜೆರ್ಸಿಯ ಸಂಖ್ಯೆ. ಖಾಯಂ ಆಟಗಾರರಿಗೆ ತಮ್ಮ ತಮ್ಮ ಸಂಖ್ಯೆಗಳಿವೆ. ಹೊಸಬರ ಬೆನ್ನ ಮೇಲೆ ಹೆಚ್ಚಾಗಿ 70, 80ರ ಮೇಲಿನ ಅಂಕಿಗಳು. ಅಭ್ಯಾಸ ಮುಗಿದು ಹಿರಿಯರು ಒಳಗೆ ಹೋದ ಮೇಲೂ ಆ ದೊಡ್ಡ ಅಂಕಿಯವರು ಉಳಿದುಕೊಂಡು, ಬೇಲಿಗೆ ಬಡಿದು ಅಡ್ಡಾದಿಡ್ಡಿಯಾಗಿ ಬರುವ ಪಕ್ಕನ್ನು ಬೆನ್ನು ತಿರುಗಿಸಿಯೇ ಹಿಡಿದು, ಭುಜದ ಮೇಲಿಂದ ಹಿಂದೆ ನೋಡಿ, ಒಂದೇ ಸ್ಪರ್ಶದಲ್ಲಿ ಜೊತೆಗಾರನಿಗೆ ದಾಟಿಸುವುದನ್ನು ಮತ್ತೆ ಮತ್ತೆ ಮಾಡುತ್ತಿರುತ್ತಾರೆ. ನೋಡುವವರಿಗೆ ಬೇಸರ ತರುವ ಈ ಕೆಲಸವೇ ಡಿಫೆನ್ಸ್ ಆಟಗಾರನ ಜೀವಾಳ. ಕಿರಿಯರ ಲೀಗ್‌ನಲ್ಲಿ ಅದಕ್ಕೆ ಒಂದೆರಡು ಸೆಕೆಂಡು ಸಿಗುತ್ತದೆ. ಎನ್‌ಎಚ್‌ಎಲ್‌ನಲ್ಲಿ ಅಷ್ಟರೊಳಗೆ 95 ಕಿಲೋ ತೂಕದ ಎದುರಾಳಿ ಬೆನ್ನಿಗೆ ಬಂದು ಬಡಿದಿರುತ್ತಾನೆ.

ಅಭ್ಯಾಸ ಪಂದ್ಯಗಳೂ ಆರಂಭವಾಗುತ್ತವೆ. ಇವುಗಳ ಫಲಿತಾಂಶ ಲೀಗ್ ಪಟ್ಟಿಗೆ ಸೇರುವುದಿಲ್ಲ. ಎರಡೂ ಕಡೆ ಕನಿಷ್ಠ ಎಂಟು ಅನುಭವಿಗಳಾದರೂ ಆಡಬೇಕೆಂಬ ನಿಯಮವಿದ್ದರೂ ಉಳಿದ ಜಾಗಗಳಲ್ಲಿ ಎಳೆಯರೇ ತುಂಬಿರುತ್ತಾರೆ. ಆದ್ದರಿಂದ ಅಭ್ಯಾಸ ಪಂದ್ಯದ ಗೋಲನ್ನು ತೂಗುವಾಗ ಎದುರಿಗೆ ಯಾರಿದ್ದರು ಎಂದೂ ಕೇಳಬೇಕಾಗುತ್ತದೆ. ಎದುರಾಳಿ ತಂಡದ ಮೊದಲ ಜೋಡಿ ಮನೆಯಲ್ಲೇ ಉಳಿದ ರಾತ್ರಿ ಹೊಡೆದ ಎರಡು ಗೋಲುಗಳಿಗಿಂತ, ಪೂರ್ಣ ಬಲದ ತಂಡದೆದುರು ತಪ್ಪಿಲ್ಲದೆ ಕಳೆದ ಹದಿನೈದು ನಿಮಿಷ ತರಬೇತುದಾರರಿಗೆ ಹೆಚ್ಚು ಹೇಳುತ್ತದೆ. ಶಾರ್ಕ್ಸ್‌ನ ಮುಖ್ಯ ತರಬೇತುದಾರ ರಯಾನ್ ವಾರ್ಸೊಫ್‌ಸ್ಕಿ ಸ್ವತಃ ಕೆಳಗಿನ ಲೀಗ್‌ನಿಂದ ಮೇಲೆ ಬಂದವರು. 2022ರಲ್ಲಿ ಶಿಕಾಗೋ ವುಲ್ವ್ಸ್ ತಂಡವನ್ನು ಆ ಲೀಗ್‌ನ ಕಾಲ್ಡರ್ ಕಪ್ ಗೆಲುವಿಗೆ ಮುನ್ನಡೆಸಿದವರು. ಎಳೆಯರು ಯಾವ ಹಂತದಲ್ಲಿ ಎಲ್ಲಿ ಎಡವುತ್ತಾರೆ ಎಂಬುದು ಅವರಿಗೆ ಪಾಠವಾಗಿಯೇ ಗೊತ್ತು.

ಶಿಬಿರಕ್ಕೆ ಒಪ್ಪಂದವೇ ಇಲ್ಲದ ಹಿರಿಯರೂ ಬರುವುದುಂಟು. ಪರೀಕ್ಷಾರ್ಥವಾಗಿ ಆಡಿ, ಮೆಚ್ಚಿದರೆ ಒಪ್ಪಂದ, ಇಲ್ಲವಾದರೆ ನಮಸ್ಕಾರ. ಇಂತಹವರಿಗೆ ಸಿಗುವ ಜಾಗಗಳು ಅಪರೂಪ.

ಹತ್ತೊಂಬತ್ತು ವರ್ಷದ ಡಿಕಿನ್ಸನ್‌ಗೆ ಎರಡೇ ಬಾಗಿಲು

2025ರ ಸೆಪ್ಟೆಂಬರ್‌ನಲ್ಲಿ ಶಾರ್ಕ್ಸ್ ಶಿಬಿರದ ಅತಿ ಕಠಿಣ ಪ್ರಶ್ನೆ ಸ್ಯಾಮ್ ಡಿಕಿನ್ಸನ್ ಅವರದಾಗಿತ್ತು. ಈ ಡಿಫೆನ್ಸ್ ಆಟಗಾರನಿಗೆ ಆ ಜೂನ್‌ನಲ್ಲಷ್ಟೇ 19 ತುಂಬಿತ್ತು. ಹಿಂದಿನ ವರ್ಷ ಕೆನಡಾದ ಕಿರಿಯರ ಲೀಗ್‌ಗಳಲ್ಲೊಂದಾದ ಒಂಟಾರಿಯೊ ಲೀಗ್‌ನಲ್ಲಿ ಆ ದೇಶದ್ದೇ ಆದ ಲಂಡನ್ ನಗರದ ಲಂಡನ್ ನೈಟ್ಸ್ ಪರವಾಗಿ 55 ಪಂದ್ಯಗಳಲ್ಲಿ 29 ಗೋಲು, 62 ಅಸಿಸ್ಟ್, ಒಟ್ಟು 91 ಅಂಕ ಗಳಿಸಿದ್ದರು. ಅಸಿಸ್ಟ್ ಎಂದರೆ ಗೋಲು ಆಗುವ ಮುಂಚಿನ ಪಾಸ್ ಕೊಟ್ಟದ್ದು, ಗೋಲಿನಷ್ಟೇ ಒಂದು ಅಂಕದ ಲೆಕ್ಕ. ರಕ್ಷಣೆಯೇ ಮುಖ್ಯ ಕೆಲಸವಾಗಿರುವವರಿಗೆ ಇದು ಅಸಾಧಾರಣ ಸಂಖ್ಯೆ. ಆ ಲೀಗ್‌ನ ಅತ್ಯುತ್ತಮ ಡಿಫೆನ್ಸ್ ಆಟಗಾರನ ಪ್ರಶಸ್ತಿಯೂ ಅವರಿಗೇ ಬಂತು. ತಂಡ ಲೀಗ್ ಗೆದ್ದಿತು, ಬಳಿಕ ಕೆನಡಾದ ಕಿರಿಯರ ಅಗ್ರ ಪ್ರಶಸ್ತಿಯಾದ ಮೆಮೋರಿಯಲ್ ಕಪ್ಪನ್ನೂ ಗೆದ್ದಿತು. ಅಂದರೆ ಆ ಹಂತದಲ್ಲಿ ಗೆಲ್ಲಲು ಅವರಿಗೆ ಏನೂ ಉಳಿದಿರಲಿಲ್ಲ.

ಹಾಗಿದ್ದರೆ ಮುಂದಿನ ಮೆಟ್ಟಿಲು ಯಾವುದು? ನಮಗೆ ಸಹಜವಾಗಿ ತೋಚುವುದು ಅಮೆರಿಕನ್ ಹಾಕಿ ಲೀಗ್, ಅಂದರೆ ಎಎಚ್‌ಎಲ್. ಪ್ರತಿ ಎನ್‌ಎಚ್‌ಎಲ್ ತಂಡಕ್ಕೂ ಅಲ್ಲಿ ಒಂದು ಸಹೋದರ ತಂಡವಿರುತ್ತದೆ. ಭಾರತ ತಂಡಕ್ಕೆ ರಣಜಿ ಇದ್ದಂತೆ ಎಂದು ಸ್ಥೂಲವಾಗಿ ಹೇಳಬಹುದು, ಆದರೆ ಇಲ್ಲಿ ಕೆಳಗಿನ ತಂಡದ ಆಟಗಾರರಲ್ಲಿ ಬಹುಪಾಲು ಜನರ ಒಪ್ಪಂದವೂ ಮೇಲಿನ ತಂಡದ ಕೈಯಲ್ಲೇ ಇರುತ್ತದೆ. ಬಲಿಷ್ಠ ವಯಸ್ಕರ ನಡುವೆ, ಆದರೆ ಎನ್‌ಎಚ್‌ಎಲ್‌ನಷ್ಟು ನಿರ್ದಯವಲ್ಲದ ಕಡೆ ಒಂದು ವರ್ಷ ಆಡಿ ಬರಲೆಂದರೆ ಅದಕ್ಕಿಂತ ತಕ್ಕ ಜಾಗವಿಲ್ಲ. ಡಿಕಿನ್ಸನ್‌ಗೆ ಆ ಬಾಗಿಲೇ ಮುಚ್ಚಿತ್ತು.

ಕಾರಣ ಎನ್‌ಎಚ್‌ಎಲ್‌ಗೂ ಕೆನಡಾದ ಕಿರಿಯರ ಲೀಗ್‌ಗಳ ಒಕ್ಕೂಟಕ್ಕೂ ಇರುವ ಒಡಂಬಡಿಕೆ. ಆ ಒಕ್ಕೂಟದ ತಂಡಗಳು 16ರಿಂದ 20 ವರ್ಷದ ಹುಡುಗರನ್ನು ಆಡಿಸಿ, ಸಣ್ಣ ಪಟ್ಟಣಗಳಲ್ಲಿ ಟಿಕೆಟ್ ಮಾರಿ ಬದುಕುತ್ತವೆ. ಒಳ್ಳೆಯ ಹುಡುಗರನ್ನೆಲ್ಲ 18 ತುಂಬಿದ ಕೂಡಲೇ ಎಎಚ್‌ಎಲ್‌ಗೆ ಎಳೆದುಕೊಂಡರೆ ಆ ತಂಡಗಳ ಗತಿ ಏನು? ಅದಕ್ಕಾಗಿ ಅಲ್ಲಿಂದ ಡ್ರಾಫ್ಟ್ ಆದ, ಇನ್ನೂ 20 ತುಂಬದ ಆಟಗಾರನನ್ನು ಒಂದೋ ಎನ್‌ಎಚ್‌ಎಲ್‌ನಲ್ಲೇ ಇಟ್ಟುಕೊಳ್ಳಬೇಕು, ಇಲ್ಲವೇ ಅವನ ಕಿರಿಯರ ತಂಡಕ್ಕೆ ಮರಳಿಸಬೇಕು ಎಂಬ ಕಟ್ಟುಪಾಡು ಬಂತು. ಏಳನೆಯ ತರಗತಿಯ ಪಾಠವನ್ನೆಲ್ಲ ಮುಗಿಸಿದ ಮಗುವಿಗೆ, ನೀನು ಮತ್ತೆ ಏಳಕ್ಕೇ ಹೋಗು, ಇಲ್ಲವಾದರೆ ನೇರ ಕಾಲೇಜಿಗೆ ಬಾ, ನಡುವಣ ಹೈಸ್ಕೂಲು ನಿನಗಿಲ್ಲ ಎಂದಂತೆ.

ಅದೇ ಶಿಬಿರದಲ್ಲಿದ್ದ ಇಗೊರ್ ಚೆರ್ನಿಶೊವ್ ಅವರ ಸ್ಥಿತಿ ಬೇರೆ. ಡಿಕಿನ್ಸನ್ ಡ್ರಾಫ್ಟ್ ಆದ ವರ್ಷವೇ ಆಯ್ಕೆಯಾದವರು, 2024-25ರಲ್ಲಿ ಅವರೂ ಒಂಟಾರಿಯೊ ಲೀಗ್‌ನಲ್ಲೇ ಆಡಿದವರು. ಆದರೆ ಅವರು ಡ್ರಾಫ್ಟ್ ಆದದ್ದು ಮಾಸ್ಕೋದ ಡೈನಮೋ ತಂಡದಿಂದ. ನಿಯಮ ಕೇಳುವುದು ಡ್ರಾಫ್ಟ್ ಆದಾಗ ಎಲ್ಲಿದ್ದೆ ಎಂಬುದನ್ನು. ಆದ್ದರಿಂದ ಅವರನ್ನು ಎಎಚ್‌ಎಲ್‌ಗೆ ಕಳಿಸಲು ಅಡ್ಡಿ ಇರಲಿಲ್ಲ, ತಂಡ ಕಳಿಸಿತು ಕೂಡ. ಅಮೆರಿಕದ ಕಾಲೇಜು ತಂಡಗಳಲ್ಲಿ ಆಡಿ ಬಂದ ಸೆಲೆಬ್ರಿನಿ, ಸ್ಮಿತ್ ಅವರಿಗೂ ಈ ತಡೆ ಅನ್ವಯಿಸುವುದಿಲ್ಲ. ಅವರ ಮುಂದಿದ್ದ ತಡೆ ಇನ್ನೊಂದು ಬಗೆಯದು: ವೃತ್ತಿಪರ ಒಪ್ಪಂದಕ್ಕೆ ಒಮ್ಮೆ ಸಹಿ ಹಾಕಿದರೆ ಕಾಲೇಜು ತಂಡಕ್ಕೆ ಮರಳುವಂತಿಲ್ಲ. ಹಾಗಾಗಿ ಕಾಲೇಜಿನ ಹುಡುಗರ ವಿಷಯದಲ್ಲಿ ದೊಡ್ಡ ನಿರ್ಧಾರ ಶಿಬಿರಕ್ಕೂ ಮೊದಲೇ, ಬೇಸಿಗೆಯಲ್ಲೇ ಮುಗಿದಿರುತ್ತದೆ.

ಮತ್ತೆ ಡಿಕಿನ್ಸನ್ ಕಡೆ ಬರೋಣ. ಡಿಫೆನ್ಸ್ ಸಾಲಿನಲ್ಲಿ ಆಗಲೇ ಜನಸಂದಣಿ. ಆ ಬೇಸಿಗೆಯಲ್ಲಿ ತಂಡ ಡಿಮಿಟ್ರಿ ಓರ್ಲೊವ್, ಜಾನ್ ಕ್ಲಿಂಗ್‌ಬರ್ಗ್, ನಿಕ್ ಲೆಡ್ಡಿ ಎಂಬ ಮೂವರು ಹಿರಿಯರನ್ನು ತಂದಿತ್ತು. ಮಾರಿಯೊ ಫೆರಾರೊ, ಟಿಮೊಥಿ ಲಿಲಿಯೆಗ್ರೆನ್, ವಿನ್ಸೆಂಟ್ ಡೆಹಾರ್ನೆ ಮೊದಲೇ ಇದ್ದರು. ಪಂದ್ಯಕ್ಕೆ ಬೇಕಾದ ಆರು ಮಂದಿ ಇಷ್ಟಕ್ಕೇ ತುಂಬಿಹೋದರು. ಡಿಕಿನ್ಸನ್ ಅವರನ್ನು ಇಟ್ಟುಕೊಂಡರೆ ಕೆಲವು ರಾತ್ರಿ ಸೂಟು ತೊಟ್ಟು ಮೇಲೆ ಕೂರಬೇಕು, ಮರಳಿಸಿದರೆ ಆಗಲೇ ಗೆದ್ದ ಲೀಗ್‌ನಲ್ಲಿ ಮತ್ತೊಂದು ವರ್ಷ ಕಳೆಯಬೇಕು. ತಂಡ ಇಟ್ಟುಕೊಳ್ಳುವ ದಾರಿ ಹಿಡಿಯಿತು. ಇದು ಒಳ್ಳೆಯ ನಿರ್ಧಾರವೆಂದೇ ನನಗೆ ಕಾಣುತ್ತದೆ. ಹುಡುಗ ತಪ್ಪು ಮಾಡುತ್ತಾನೆ, ಆದರೆ ಎದುರಾಳಿಯ ನಿಜವಾದ ವೇಗಕ್ಕೆ ಕಣ್ಣು ಪಳಗುವುದು ಆ ವೇಗದೊಳಗೆ ಇದ್ದಾಗ ಮಾತ್ರ.

ಈ ಕಟ್ಟುಪಾಡು ಈಗ ಸ್ವಲ್ಪ ಸಡಿಲವಾಗುತ್ತಿದೆ. ಲೀಗ್ ಮತ್ತು ಆಟಗಾರರ ಸಂಘ 2025ರಲ್ಲಿ ಒಪ್ಪಿಕೊಂಡ, 2026-27ರ ಋತುವಿನಿಂದ ಜಾರಿಯಾಗುವ ಹೊಸ ಒಪ್ಪಂದ, ಪ್ರತಿ ತಂಡವೂ ಇಂತಹ 19 ವರ್ಷದ ಒಬ್ಬನನ್ನು ಎಎಚ್‌ಎಲ್‌ನಲ್ಲಿ ಆಡಿಸಲು ದಾರಿ ಮಾಡಿಕೊಟ್ಟಿದೆ. ಡಿಕಿನ್ಸನ್ ಅವರ ಪ್ರಶ್ನೆ ಒಂದು ವರ್ಷ ತಡವಾಗಿ ಎದ್ದಿದ್ದರೆ ಉತ್ತರ ಬೇರೆಯೇ ಆಗಬಹುದಿತ್ತು.

ಹತ್ತನೆಯ ಪಂದ್ಯ

ಎಳೆಯರ ಮೊದಲ ಒಪ್ಪಂದಕ್ಕೆ ಪ್ರವೇಶ ಹಂತದ ಒಪ್ಪಂದ ಎಂದು ಹೆಸರು. 18ರಿಂದ 21ರ ನಡುವೆ ಸಹಿ ಹಾಕಿದವರಿಗೆ ಇದು ಮೂರು ವರ್ಷದ್ದು. ಸಂಬಳಕ್ಕೆ ಮಿತಿಯಿದೆ: 2024ರ ಮೊದಲ ಆಯ್ಕೆಯಾದ ಸೆಲೆಬ್ರಿನಿಗೂ ಬೋನಸ್‌ಗಳನ್ನು ಬಿಟ್ಟು ವರ್ಷಕ್ಕೆ ಗರಿಷ್ಠ 9,75,000 ಡಾಲರ್. ಸಾಮಾನ್ಯರಿಗೆ ಇದು ಬಹಳ ದೊಡ್ಡ ಮೊತ್ತವೇ ಸರಿ, ಆದರೆ ಅದೇ ಮಟ್ಟದಲ್ಲಿ ಆಡುವ ಹಿರಿಯರಿಗೆ ಹಲವು ಪಟ್ಟು ಹೆಚ್ಚು ಸಿಗುತ್ತದೆ. ಇಡೀ ತಂಡದ ಒಟ್ಟು ಸಂಬಳಕ್ಕೂ ಲೀಗ್ ಒಂದು ಮೇಲ್ಮಿತಿ ಹಾಕಿದೆ. 2025-26ರಲ್ಲಿ ಅದು 9.55 ಕೋಟಿ ಡಾಲರ್. ಕಡಿಮೆ ಸಂಬಳದಲ್ಲಿ ಚೆನ್ನಾಗಿ ಆಡುವ ಎಳೆಯರಿದ್ದಷ್ಟೂ ಉಳಿದ ಹಣದಲ್ಲಿ ಹಿರಿಯರನ್ನು ತರಬಹುದು. ಆದ್ದರಿಂದ ಆ ಮೂರು ವರ್ಷಗಳು ಯಾವಾಗ ಆರಂಭವಾಗುತ್ತವೆ ಎಂಬುದರ ಮೇಲೆ ತಂಡಗಳ ಕಣ್ಣು ನೆಟ್ಟಿರುತ್ತದೆ.

ನಿಯಮ ಇಷ್ಟು: 18 ಅಥವಾ 19 ವರ್ಷದವನು ಒಂದು ಋತುವಿನಲ್ಲಿ ಎನ್‌ಎಚ್‌ಎಲ್‌ನಲ್ಲಿ ಹತ್ತಕ್ಕಿಂತ ಕಡಿಮೆ ಪಂದ್ಯ ಆಡಿದರೆ ಆ ವರ್ಷ ಲೆಕ್ಕಕ್ಕೆ ಬರುವುದಿಲ್ಲ, ಒಪ್ಪಂದ ಒಂದು ವರ್ಷ ಮುಂದಕ್ಕೆ ಜಾರುತ್ತದೆ. ಒಂಬತ್ತು ಪಂದ್ಯದವರೆಗೂ ಆಟೋದ ಮೀಟರ್ ಹಾಕಿಲ್ಲ. ಹತ್ತನೆಯ ಪಂದ್ಯಕ್ಕೆ ಅಂಗಳಕ್ಕೆ ಇಳಿದೊಡನೆ ಮೀಟರ್ ಓಡತೊಡಗುತ್ತದೆ. ಡಿಕಿನ್ಸನ್ ಸಹಿ ಹಾಕಿದ್ದು 2024ರಲ್ಲಿ. ಮೊದಲ ವರ್ಷ ಲಂಡನ್‌ನಲ್ಲೇ ಆಡಿದ್ದರಿಂದ ಒಪ್ಪಂದ ಒಮ್ಮೆ ಜಾರಿತ್ತು. 2025-26ರಲ್ಲಿ ಹತ್ತು ಪಂದ್ಯ ಆಡಿದರೆ ಮೂರು ವರ್ಷ 2028ರ ಬೇಸಿಗೆಗೆ ಮುಗಿಯುತ್ತದೆ, ಒಂಬತ್ತರಲ್ಲೇ ನಿಲ್ಲಿಸಿ ಮರಳಿಸಿದರೆ 2029ಕ್ಕೆ. ಅಕ್ಟೋಬರ್ ಕೊನೆಯಲ್ಲಿ ಹಲವು ತಂಡಗಳ ಎಳೆಯರು ಸರಿಯಾಗಿ ಎಂಟು ಒಂಬತ್ತು ಪಂದ್ಯವಾದ ಮೇಲೆ ಇದ್ದಕ್ಕಿದ್ದಂತೆ ಊರಿಗೆ ಮರಳುವುದನ್ನು ಕಂಡು ಹೊಸ ಪ್ರೇಕ್ಷಕರಿಗೆ ಗೊಂದಲವಾಗುವುದು ಇದರಿಂದಲೇ.

ಮೈಕಲ್ ಮೀಸಾ ಅವರಿಗೂ ಇದೇ ನಿಯಮ ಅನ್ವಯಿಸುತ್ತಿತ್ತು. ಹಿಂದಿನ ವರ್ಷ ಅದೇ ಒಂಟಾರಿಯೊ ಲೀಗ್‌ನ ಸಾಗಿನಾ ತಂಡಕ್ಕಾಗಿ 65 ಪಂದ್ಯಗಳಲ್ಲಿ 62 ಗೋಲು, 72 ಅಸಿಸ್ಟ್ ಗಳಿಸಿ ಬಂದಿದ್ದ ಅವರಿಗೆ ಶಿಬಿರದ ವೇಳೆ 18 ವರ್ಷ. ಅವರೂ ಋತುವಿನ ಆರಂಭದ ಪಟ್ಟಿಗೆ ಸೇರಿದರು. ಆದರೆ ತಂಡ ಅವರನ್ನು ಪ್ರತಿ ರಾತ್ರಿ ಇಳಿಸದೆ ನಡುನಡುವೆ ಕೂರಿಸಿ ಆಡಿಸಿತು, ಡಿಸೆಂಬರ್‌ನಲ್ಲಿ ಕೆನಡಾದ ಪರ ಕಿರಿಯರ ವಿಶ್ವ ಚಾಂಪಿಯನ್‌ಷಿಪ್ ಆಡಲು ಬಿಟ್ಟುಕೊಟ್ಟಿತು. ಮೊದಲ ವರ್ಷವನ್ನು ಹೀಗೆ ಮೆಲ್ಲಗೆ ಹದಗೊಳಿಸುವುದೂ ಒಂದು ಕ್ರಮ.

ಕಳಿಸಿದರೆ ಕಳೆದುಕೊಳ್ಳುವ ಭಯ

ಇನ್ನು ಸ್ವಲ್ಪ ಅನುಭವ ಆದವರ ವಿಷಯ. ಎಳೆಯರನ್ನು ಎಎಚ್‌ಎಲ್‌ಗೆ ಕಳಿಸಿ ಕರೆಸುವುದಕ್ಕೆ ಆರಂಭದ ಕೆಲವು ವರ್ಷ ಯಾವ ಅಡ್ಡಿಯೂ ಇಲ್ಲ. ಸಹಿ ಹಾಕಿದಾಗಿನ ವಯಸ್ಸು, ಆಡಿದ ಪಂದ್ಯಗಳ ಸಂಖ್ಯೆ ಇವೆರಡನ್ನು ನೋಡಿ ಆ ವಿನಾಯಿತಿಯ ಅವಧಿ ನಿಗದಿಯಾಗುತ್ತದೆ. 20ನೆಯ ವಯಸ್ಸಿನಲ್ಲಿ ಸಹಿ ಹಾಕಿದ ಆಟಗಾರನಿಗೆ ಅದು ಮೂರು ವರ್ಷ ಅಥವಾ 160 ಪಂದ್ಯ, ಯಾವುದು ಮೊದಲೋ ಅದು. ವಿನಾಯಿತಿ ಮುಗಿದ ಮೇಲೆ ಅವನನ್ನು ಕೆಳಗೆ ಕಳಿಸಬೇಕಾದರೆ ಮೊದಲು ವೇವರ್ಸ್ ಎಂಬ ಪಟ್ಟಿಗೆ ಹಾಕಬೇಕು. ಪಟ್ಟಿಗೆ ಬಿದ್ದವನನ್ನು ಉಳಿದ 31 ತಂಡಗಳಲ್ಲಿ ಯಾವುದೇ ಆಗಲಿ 24 ಗಂಟೆಯೊಳಗೆ ನನಗೆ ಬೇಕು ಎಂದು ಕೇಳಬಹುದು, ಕೇಳಿದರೆ ಬದಲಿಗೆ ಏನೂ ಕೊಡಬೇಕಿಲ್ಲ, ಆಟಗಾರನೂ ಅವನ ಒಪ್ಪಂದವೂ ಆ ತಂಡಕ್ಕೆ ಹೋಗುತ್ತವೆ. ಒಂದಕ್ಕಿಂತ ಹೆಚ್ಚು ತಂಡ ಕೇಳಿದರೆ ಅಂಕಪಟ್ಟಿಯಲ್ಲಿ ಕೆಳಗಿರುವವರಿಗೆ ಆದ್ಯತೆ. ಸ್ಯಾನ್ ಹೋಸೆಯ ಬೆಳಗಿನ 11 ಗಂಟೆ, ಅಂದರೆ ಪೂರ್ವ ಕರಾವಳಿಯ ಮಧ್ಯಾಹ್ನ 2, ಈ ಪಟ್ಟಿಯ ಹೊತ್ತು. ಶಿಬಿರದ ಕೊನೆಯ ದಿನಗಳಲ್ಲಿ ಹತ್ತಾರು ಮನೆಗಳಲ್ಲಿ ಆ ಹೊತ್ತಿಗೆ ಫೋನನ್ನೇ ನೋಡುತ್ತಾ ಕೂತಿರುತ್ತಾರೆ, ಏಕೆಂದರೆ ನಾಳೆ ಬದುಕು ಯಾವ ಊರಿನಲ್ಲಿ ಎಂಬುದೇ ಅಲ್ಲಿ ತೀರ್ಮಾನವಾಗುತ್ತದೆ.

ಇದು ಕಾಗದದ ಮೇಲಿನ ಭಯವಲ್ಲ. 2021ರ ಜನವರಿಯಲ್ಲಿ, ಕೋವಿಡ್‌ನಿಂದ ತಡವಾದ ಋತು ಶುರುವಾಗಲು ಕೆಲವೇ ದಿನವಿದ್ದಾಗ, ಕ್ಯಾರೊಲೈನಾ ತಂಡ ಗುಸ್ತಾವ್ ಫೋರ್ಸ್‌ಲಿಂಗ್ ಎಂಬ ಸ್ವೀಡನ್‌ನ ಡಿಫೆನ್ಸ್ ಆಟಗಾರನನ್ನು ವೇವರ್ಸ್‌ಗೆ ಹಾಕಿತು. ಫ್ಲಾರಿಡಾ ತಂಡ ಕೈಚಾಚಿ ಎತ್ತಿಕೊಂಡಿತು. ಅದೇ ಫೋರ್ಸ್‌ಲಿಂಗ್ ಫ್ಲಾರಿಡಾದ ಮೊದಲ ಜೋಡಿಯ ಆಧಾರವಾಗಿ ಬೆಳೆದು 2024 ಮತ್ತು 2025ರಲ್ಲಿ ಸ್ಟ್ಯಾನ್ಲಿ ಕಪ್ ಎತ್ತಿದರು. ಶಾರ್ಕ್ಸ್‌ನವರೂ ಈ ದಾರಿಯನ್ನು ಬಳಸಿದ್ದಾರೆ. 2025ರ ಬೇಸಿಗೆಯಲ್ಲಿ ಸೇಂಟ್ ಲೂಯಿಸ್ ತಂಡ ನಿಕ್ ಲೆಡ್ಡಿಯವರನ್ನು ವೇವರ್ಸ್‌ಗೆ ಹಾಕಿದಾಗ ಅವರನ್ನು ಪಡೆದದ್ದು ಲೀಗ್‌ನ ಕಟ್ಟಕಡೆಯ ಸ್ಥಾನದಲ್ಲಿದ್ದ ಸ್ಯಾನ್ ಹೋಸೆ.

ಹೀಗಾಗಿ ಕೊನೆಯ ಒಂದೆರಡು ಜಾಗಗಳಿಗೆ ಇಬ್ಬರು ಸಮಾನವಾಗಿ ಆಡಿದ್ದಾಗ, ವೇವರ್ಸ್ ಬೇಕಿಲ್ಲದ 20 ವರ್ಷದ ಹುಡುಗ ಕೆಳಗೆ ಹೋಗುತ್ತಾನೆ, ವೇವರ್ಸ್ ಬೇಕಾದ 24 ವರ್ಷದವನು ಮೇಲೆ ಉಳಿಯುತ್ತಾನೆ. ಹುಡುಗ ಎಲ್ಲಿಗೂ ಹೋಗುವುದಿಲ್ಲ, ಬೇಕಾದಾಗ ಕರೆಯಬಹುದು. ಇನ್ನೊಬ್ಬನನ್ನು ಬಿಟ್ಟರೆ ಮರಳಿ ಸಿಗುವ ಖಾತ್ರಿಯಿಲ್ಲ. ನನ್ನ ಗೆಳೆಯರ ಮಗಳ ಪ್ರಶ್ನೆಗೆ ಉತ್ತರದ ಉಳಿದರ್ಧ ಇಲ್ಲಿದೆ.

ಗೋಲಿಗಳ ಲೆಕ್ಕವೇ ಬೇರೆ

ಗೋಲಿಗಳಿಗೆ ಇರುವುದು ಎರಡೇ ಜಾಗ, ಅದರಲ್ಲೂ ಒಂದು ರಾತ್ರಿ ಆಡುವವನು ಒಬ್ಬನೇ. ಬಲಿಯಲು ಅವರು ತೆಗೆದುಕೊಳ್ಳುವ ಕಾಲವೂ ಹೆಚ್ಚು. 2020ರ ಡ್ರಾಫ್ಟ್‌ನಲ್ಲಿ ನ್ಯಾಶ್‌ವಿಲ್ ತಂಡ ಹನ್ನೊಂದನೆಯವರಾಗಿ ಆರಿಸಿದ್ದ ಯಾರೊಸ್ಲಾವ್ ಅಸ್ಕರೊವ್, ಅಲ್ಲಿ ಯೂಸೆ ಸಾರೊಸ್ ಎಂಬ ಅನುಭವಿ ಗೋಲಿ ದೀರ್ಘ ಒಪ್ಪಂದದಲ್ಲಿ ಉಳಿದುಕೊಂಡಿದ್ದರಿಂದ, 2024ರ ಆಗಸ್ಟ್‌ನಲ್ಲಿ ಶಾರ್ಕ್ಸ್‌ಗೆ ಬಂದರು. ಬಂದ ಮೊದಲ ವರ್ಷ ಬಹುಪಾಲು ಎಎಚ್‌ಎಲ್‌ನಲ್ಲೇ ಆಡಿದರು. 2025ರ ಶಿಬಿರದ ನಂತರವೇ ಅನುಭವಿ ಅಲೆಕ್ಸ್ ನೆಡೆಲ್ಕೊವಿಕ್ ಜೊತೆಗೆ ಖಾಯಂ ಜಾಗ ಹಿಡಿದದ್ದು. ಆಯ್ಕೆಯಾದ ಐದನೆಯ ವರ್ಷಕ್ಕೆ. ಅದೇ ಬೇಸಿಗೆಯಲ್ಲಿ ಆಯ್ಕೆಯಾದ ರೇವನ್ಸ್‌ಬರ್ಗನ್ ಶಿಬಿರ ಮುಗಿಸಿ ಕೆನಡಾದ ಪ್ರಿನ್ಸ್ ಜಾರ್ಜ್ ಪಟ್ಟಣದ ತಮ್ಮ ಕಿರಿಯರ ತಂಡಕ್ಕೆ ಮರಳಿದರು. ಆ ಮರಳುವಿಕೆಯಲ್ಲಿ ಸೋಲೇನೂ ಇಲ್ಲ, ಅದು ಮೊದಲೇ ಎಣಿಸಿದ ಮೆಟ್ಟಿಲು.

ಒಂದೇ ಊರಿನ ಎರಡು ಅಂಗಳ

ಬೇರೆ ಹಲವು ತಂಡಗಳಲ್ಲಿ ಕೆಳಗೆ ಹೋಗುವುದೆಂದರೆ ವಿಮಾನ ಹತ್ತಿ ಬೇರೆ ರಾಜ್ಯಕ್ಕೆ ಹೋಗುವುದು. ಸ್ಯಾನ್ ಹೋಸೆಯಲ್ಲಿ ಹಾಗಲ್ಲ. ಶಾರ್ಕ್ಸ್‌ನ ಎಎಚ್‌ಎಲ್ ತಂಡವಾದ ಸ್ಯಾನ್ ಹೋಸೆ ಬ್ಯಾರಕುಡಾ 2015ರಲ್ಲಿ ಮ್ಯಾಸಚೂಸೆಟ್ಸ್‌ನ ವೂಸ್ಟರ್‌ನಿಂದ ಇದೇ ಊರಿಗೆ ಬಂತು, 2022ರಿಂದ ತನ್ನದೇ ಆದ ಟೆಕ್ ಸಿಯು ಅರೀನಾದಲ್ಲಿ ಆಡುತ್ತಿದೆ. ಸುಮಾರು ನಾಲ್ಕು ಸಾವಿರ ಜನ ಹಿಡಿಸುವ ಆ ಪುಟ್ಟ ಕ್ರೀಡಾಂಗಣ ಶಾರ್ಕ್ಸ್ ಅಭ್ಯಾಸ ಮಾಡುವ ಅಂಗಳಕ್ಕೆ ಹೊಂದಿಕೊಂಡೇ ಇದೆ. ಶಾರ್ಕ್ಸ್ ಪಂದ್ಯ ಆಡುವ ಎಸ್‌ಎಪಿ ಸೆಂಟರ್ ಅಲ್ಲಿಂದ ಕೆಲವೇ ಕಿಲೋಮೀಟರ್. ಶಾರ್ಕ್ಸ್‌ನಲ್ಲಿ ಬೆಳಿಗ್ಗೆ ಒಬ್ಬರಿಗೆ ಗಾಯವಾದರೆ, ಬ್ಯಾರಕುಡಾದಲ್ಲಿದ್ದ ಹುಡುಗ ತನ್ನ ಸ್ಕೇಟ್ಸ್ ಚೀಲವನ್ನು ಕಾರಿನ ಡಿಕ್ಕಿಗೆ ಹಾಕಿಕೊಂಡು ಸಂಜೆಯ ಪಂದ್ಯಕ್ಕೆ ತಲುಪಬಹುದು.

ಆದ್ದರಿಂದ ಅಕ್ಟೋಬರ್‌ನ ಪಟ್ಟಿಯನ್ನು ಕಲ್ಲಿನ ಮೇಲೆ ಕೊರೆದದ್ದೆಂದು ಓದಬಾರದು. ತಂಡದ ಪ್ರಕಟಣೆಯಲ್ಲಿ ಒಬ್ಬನನ್ನು ಬ್ಯಾರಕುಡಾಗೆ ನಿಯೋಜಿಸಲಾಗಿದೆ ಎಂದಿದ್ದರೆ ಅವನು ವೇವರ್ಸ್‌ನ ತೊಡಕಿಲ್ಲದೆ ಹೋದವನು, ಅಥವಾ ಯಾವ ತಂಡವೂ ಕೇಳದೆ ದಾಟಿಬಂದವನು. ಕಿರಿಯರ ತಂಡಕ್ಕೆ ಮರಳಿಸಲಾಗಿದೆ ಎಂದಿದ್ದರೆ ಆ ತಂಡದ ಋತು ಮುಗಿಯುವ ತನಕ ಅವನನ್ನು ಸಾಮಾನ್ಯವಾಗಿ ಮರಳಿ ಕರೆಯುವಂತಿಲ್ಲ. ಎರಡೂ ಸುದ್ದಿ ಒಂದೇ ಬಗೆಯಾಗಿ ಕಂಡರೂ ಒಬ್ಬನು ಮುಂದಿನ ವಾರವೇ ಮರಳಬಹುದು, ಇನ್ನೊಬ್ಬನನ್ನು ನೋಡಲು ವಸಂತದವರೆಗೆ ಕಾಯಬೇಕು.

ಶಿಬಿರದ ಸ್ವರೂಪವೂ ಬದಲಾಗುತ್ತಿದೆ. ಹೊಸ ಒಪ್ಪಂದದ ಪ್ರಕಾರ 2026-27ರಿಂದ ಪ್ರತಿ ತಂಡವೂ 82ರ ಬದಲು 84 ಪಂದ್ಯ ಆಡುತ್ತದೆ, ಅಭ್ಯಾಸ ಪಂದ್ಯಗಳು ಹೆಚ್ಚೆಂದರೆ ನಾಲ್ಕು. ಆರೇಳು ಪಂದ್ಯಗಳಲ್ಲಿ ತೋರಿಸಿಕೊಳ್ಳುತ್ತಿದ್ದ ದೊಡ್ಡ ಅಂಕಿಯ ಜೆರ್ಸಿಯವರಿಗೆ ಇನ್ನು ಸಿಗುವ ಅವಕಾಶ ಕಡಿಮೆ. ಹಿಂದಿನ ಋತುವಿನಲ್ಲಿ ಕೆಳಗಿನ ಲೀಗ್‌ನಲ್ಲಿ ಆಡಿದ ಆಟವೇ ಅವರ ಪರವಾಗಿ ಹೆಚ್ಚು ಮಾತಾಡಬೇಕಾಗುತ್ತದೆ. ಅಕ್ಟೋಬರ್ 2025ರ ಇಪ್ಪತ್ತಮೂರರಲ್ಲಿ ಇಗೊರ್ ಚೆರ್ನಿಶೊವ್ ಅವರ ಹೆಸರಿರಲಿಲ್ಲ. ಬ್ಯಾರಕುಡಾದಲ್ಲಿ ಎರಡು ತಿಂಗಳು ಆಡಿದ ಬಳಿಕ ಡಿಸೆಂಬರ್‌ನಲ್ಲಿ ಅವರಿಗೆ ಮೇಲಿನ ಅಂಗಳದಿಂದ ಕರೆ ಬಂತು.